ಎರಡು ಊರಿನ ನಡುವಿನ ಜೆಟ್ಟಿಯನ್ನು ತೊಳೆಯುವವರು ಯಾರು?

ಎರಡು ಊರುಗಳ ನಡುವೆ ಹೊಳೆ ಹರಿಯುತ್ತಿದ್ದರೆ ಗಡಿ ಸಾಮಾನ್ಯವಾಗಿ ನೀರಿನ ಮಧ್ಯದಲ್ಲೇ ಹೋಗಿರುತ್ತದೆ. ನಕ್ಷೆ ಬರೆಯುವವರಿಗೆ ಅದು ಸಲೀಸು. ದೋಣಿ ಹತ್ತಬೇಕು ಅನ್ನುವವರಿಗೆ ಅದೇ ತಲೆನೋವು. ಎರಡೂ ನಗರಸಭೆಗಳಿಗೆ ಹೊಳೆ ಅಂದ್ರೆ ಊರಿನ ಹಿತ್ತಲು. ಗೋದಾಮು, ಮುಚ್ಚಿದ ಕಾರ್ಖಾನೆ, ಚರಂಡಿ ಪೈಪು, ತಂತಿ ಬೇಲಿ ಎಲ್ಲ ಅಲ್ಲಿಗೇ ಬಂದು ಸೇರಿರುತ್ತವೆ. ಅಂಥ ಜಾಗದಲ್ಲಿ ದೋಣಿ ಹತ್ತಿ ಇಳಿಯುವುದಕ್ಕೆ ಸಾರ್ವಜನಿಕ ಜೆಟ್ಟಿ ಕಟ್ಟೋಣ ಅಂತ ಯಾರಾದರೂ ಬಾಯಿ ತೆರೆದರೆ ಮೊದಲು ಬರುವ ಪ್ರಶ್ನೆ ಖರ್ಚಿನದು. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೆಯದು: ಐದು ವರ್ಷ ಕಳೆದ ಮೇಲೆ ಅದರ ಮೇಲಿನ ಕೆಸರು ತೊಳೆಯುವವರು ಯಾರು?

ಕಟ್ಟುವುದಕ್ಕೆ ದುಡ್ಡು ಹೇಗೋ ಹುಟ್ಟುತ್ತದೆ. ಅನುದಾನ ಬರುತ್ತದೆ, ದಡದಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸುವ ಬಿಲ್ಡರ್‌ಗೆ ಷರತ್ತು ಹಾಕಿ ಕಟ್ಟಿಸಬಹುದು, ಉದ್ಘಾಟನೆಗೆ ರಿಬ್ಬನ್ ಕತ್ತರಿಸಲು ಎರಡೂ ಊರಿನವರು ಓಡಿ ಬರುತ್ತಾರೆ. ಆದರೆ ಮಳೆಗಾಲ ಕಳೆದ ಮೇಲೆ ಸಿಕ್ಕಿಕೊಂಡ ಮರದ ದಿಮ್ಮಿ ಎಳೆದು ಹಾಕಲು, ಸಡಿಲಾದ ಹಲಗೆ ಬಿಗಿಯಲು, ವಿಮೆ ಕಟ್ಟಲು ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಒಂದೇ ಊರಿನ ಆಸ್ತಿಯಾದರೆ ಬೈಯೋದಕ್ಕಾದರೂ ಒಂದು ಕಚೇರಿ ಇರುತ್ತದೆ. ಎರಡು ಊರಿನದಾದರೆ ಅದೂ ಇಲ್ಲ.

ಈ ತೊಂದರೆ ಹೊಸದಲ್ಲ. ಅಮೆರಿಕದ ಬಾಸ್ಟನ್ ಮತ್ತು ಕೇಂಬ್ರಿಡ್ಜ್ ನಡುವೆ ಚಾರ್ಲ್ಸ್ ನದಿ ಇದೆ. ಹಿಂದೆ ಸಮುದ್ರ ಇಳಿದಾಗ ಅಲ್ಲಿ ಬರೀ ಕೆಸರು, ನಾತ ಇರುತ್ತಿತ್ತು. 1893ರಲ್ಲಿ ರಾಜ್ಯ ಸರ್ಕಾರವೇ ಮೆಟ್ರೋಪಾಲಿಟನ್ ಪಾರ್ಕ್ ಕಮಿಷನ್ ಅಂತ ಮಾಡಿ ಸುತ್ತಲಿನ ಹಲವು ಊರುಗಳ ನದಿದಡವನ್ನು ಒಂದೇ ಕೈಗೆ ತರತೊಡಗಿತು. 1910ರಲ್ಲಿ ನದಿಯ ಬಾಯಲ್ಲಿ ಅಣೆಕಟ್ಟು ಮುಗಿದು ನೀರಿನ ಮಟ್ಟ ಹೆಚ್ಚುಕಡಿಮೆ ಒಂದೇ ಸಮ ಆಯಿತು. ಈಗ ಆ ದಡಗಳಲ್ಲಿ ದೋಣಿ ಜಾಸ್ತಿ. ಲಂಡನ್‌ನಲ್ಲಿ 1909ರಿಂದ ಪೋರ್ಟ್ ಆಫ್ ಲಂಡನ್ ಅಥಾರಿಟಿ ಇದೆ. ಉಬ್ಬರ ಇಳಿತ ಇರುವ ಥೇಮ್ಸ್‌ನಲ್ಲಿ ಜೆಟ್ಟಿ ಹಾಕಬೇಕು ಅಂದ್ರೆ ಆ ದಡದ ಊರಾಡಳಿತ ಒಪ್ಪಿದರೆ ಸಾಲದು, ಈ ಸಂಸ್ಥೆಯ ಲೈಸೆನ್ಸ್ ಕೂಡ ಬೇಕು. ಹತ್ತಿರದ ಉದಾಹರಣೆ ಕೊಚ್ಚಿಯ ವಾಟರ್ ಮೆಟ್ರೋ ಅನ್ನುವ ದೋಣಿ ಸೇವೆ. 2023ರ ಏಪ್ರಿಲ್‌ನಲ್ಲಿ ಶುರುವಾಯಿತು. ಮರುವರ್ಷ ಏಲೂರು-ಚೇರಾನಲ್ಲೂರು ದೋಣಿ ಬಂತು. ಒಂದು ಕಡೆ ನಗರಸಭೆ, ಇನ್ನೊಂದು ಕಡೆ ಪಂಚಾಯಿತಿ. ಆದರೆ ಎರಡೂ ಕಡೆಯ ಜೆಟ್ಟಿ ನಡೆಸುವುದು ಒಂದೇ ಕಂಪನಿ, ಹಾಗಾಗಿ ಹತ್ತಿದ ಕಡೆ ಮತ್ತು ಇಳಿದ ಕಡೆ ಬೇರೆ ಬೇರೆ ಆಡಳಿತ ಅಂತ ಪ್ರಯಾಣಿಕರಿಗೆ ಗೊತ್ತಾಗುವ ಅಗತ್ಯವೇ ಇಲ್ಲ.

ಎಲ್ಲಾ ಕಡೆ ಹೀಗೆ ದೊಡ್ಡ ಸಂಸ್ಥೆ ಹುಟ್ಟಿಸೋಕಾಗಲ್ಲ, ಅದು ನನಗೂ ಗೊತ್ತು. ಪುಟ್ಟ ಜೆಟ್ಟಿಗೆ ಎರಡು ಊರುಗಳ ನಡುವೆ ಒಂದು ಒಪ್ಪಂದ ಸಾಕು, ಆದರೆ ಅದು ಮೊದಲ ಕಂಬ ಹೂಳುವ ಮೊದಲೇ ಆಗಬೇಕು. ಖರ್ಚು ಹಂಚುವಾಗ ಯಾವ ಊರಿನವರು ಎಷ್ಟು ಬಳಸಿದರು ಅಂತ ಎಣಿಸುವ ಯೋಚನೆಯನ್ನು ಕೈಬಿಡಿ. ಎಣಿಸುವವರ ಸಂಬಳವೇ ರಿಪೇರಿ ಖರ್ಚನ್ನು ಮೀರುತ್ತದೆ. ಅರ್ಧ-ಅರ್ಧ ಹಾಕಿಕೊಳ್ಳಿ, ಕೆಲಸ ಮಾತ್ರ ಒಬ್ಬರೇ ಮಾಡಲಿ. ಇನ್ನೊಬ್ಬರು ವರ್ಷಕ್ಕೊಮ್ಮೆ ಚೆಕ್ ಕಳಿಸಲಿ. "ಇಬ್ಬರೂ ಸೇರಿ ನೋಡಿಕೊಳ್ಳುತ್ತಾರೆ" ಅಂತ ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ ಅಂತಲೇ ಅರ್ಥ. ಎರಡು ದಡಕ್ಕೂ ಒಂದೊಂದು ಜೆಟ್ಟಿ ಬೇಕು ಅಂತ ಹಟ ಹಿಡಿಯುವವರೂ ಇರುತ್ತಾರೆ. ಹತ್ತಿರದಲ್ಲಿ ದಾಟುವ ಸೇತುವೆ ಇದ್ದರೆ ಸದ್ಯಕ್ಕೆ ಒಂದೇ ಕಟ್ಟಿ, ಚೆನ್ನಾಗಿ ಕಟ್ಟಿ. ನೋಟ ಚಂದ ಇರುವ ದಡಕ್ಕಿಂತ ಬಸ್ಸು ಬರುವ ದಡ ಮೇಲು.

ಇನ್ನು ಕಟ್ಟುವ ವಿಷಯ. ಇದು ನನಗೆ ತುಂಬಾ ಇಷ್ಟದ ಭಾಗ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ನೀರಿನ ಮಟ್ಟ ಏರಿಳಿಯುವ ಕಡೆ ತೇಲುವ ಜೆಟ್ಟಿಯೇ ಬೇಕು. ನೀರಿನ ತಳದಲ್ಲಿ ಕಂಬ ನೆಟ್ಟು, ಆ ಕಂಬಕ್ಕೆ ಬಳೆ ತೊಡಿಸಿದ ಹಾಗೆ ವೇದಿಕೆಯನ್ನು ಜೋಡಿಸಿದರೆ ನೀರಿನ ಜೊತೆ ಅದೂ ಏರುತ್ತದೆ, ಇಳಿಯುತ್ತದೆ. ಕಂಬದ ಎತ್ತರದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ದೊಡ್ಡ ಪ್ರವಾಹ ಬಂದ ದಿನ ಬಳೆ ಕಂಬದ ತುದಿ ದಾಟಿದರೆ ಇಡೀ ವೇದಿಕೆ ತೇಲಿಕೊಂಡು ಹೋಗಿ ಕೆಳಗಿನ ಸೇತುವೆಗೆ ಗುದ್ದುತ್ತದೆ. ತೇಲಿಸಲು ಬರೀ ಥರ್ಮೋಕೋಲ್ ಹಾಕಿದರೆ ಅದು ಉದುರಿ ಕಾಳು ಕಾಳಾಗಿ ಹೊಳೆ ತುಂಬುತ್ತದೆ. ಗಟ್ಟಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಮುಚ್ಚಿದ ಫೋಮ್ ಬೇಕು.

ದಡದಿಂದ ವೇದಿಕೆಗೆ ಇಳಿಯುವ ಪುಟ್ಟ ಸೇತುವೆಯದೇ ದೊಡ್ಡ ಲೆಕ್ಕಾಚಾರ. ಅಮೆರಿಕದಲ್ಲಿ ಅಂಗವಿಕಲರ ಅನುಕೂಲಕ್ಕೆ ಇರುವ ನಿಯಮದ ಪ್ರಕಾರ 12 ಅಡಿ ಉದ್ದಕ್ಕೆ 1 ಅಡಿಗಿಂತ ಜಾಸ್ತಿ ಇಳಿಜಾರು ಇರಬಾರದು. ಲಂಡನ್ ನಡುವೆ ಥೇಮ್ಸ್ ಸುಮಾರು 7 ಮೀಟರ್‌ವರೆಗೂ ಏರಿಳಿಯುತ್ತದೆ. ಅಲ್ಲಿ ಈ ಲೆಕ್ಕ ಹಿಡಿದರೆ ಸೇತುವೆಯೇ 84 ಮೀಟರ್ ಆಗುತ್ತದೆ! ಅದಕ್ಕೇ ಆ ನಿಯಮದಲ್ಲೇ ಒಂದು ರಿಯಾಯಿತಿ ಇದೆ, ಸೇತುವೆ 80 ಅಡಿಗಿಂತ ಉದ್ದ ಇರಲೇಬೇಕು ಅಂತೇನಿಲ್ಲ. ಚಾರ್ಲ್ಸ್ ನದಿಯ ಹಾಗೆ ಅಣೆಕಟ್ಟು ನೀರಿನ ಮಟ್ಟವನ್ನು ಹಿಡಿದಿಟ್ಟಿರುವ ಕಡೆ ಈ ತಲೆನೋವು ಅರ್ಧಕ್ಕರ್ಧ ಹೋಗುತ್ತದೆ.

ವೇದಿಕೆ ನೀರಿಗಿಂತ ಎಷ್ಟು ಮೇಲಿರಬೇಕು ಅನ್ನುವುದನ್ನು ತುಂಬಾ ಜನ ಕೇಳುವುದೇ ಇಲ್ಲ. ಮೋಟಾರು ದೋಣಿಗೆ ಅರ್ಧ ಮೀಟರ್ ಎತ್ತರ ಸರಿ ಹೋಗಬಹುದು. ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಕಿರಿದಾದ ದೋಣಿ, ಅಂದ್ರೆ ಕಯಾಕ್‌ಗೆ ಒಂದು ಗೇಣು ಸಾಕು, ಅದಕ್ಕಿಂತ ಎತ್ತರವಾದರೆ ಹತ್ತುವವರು ನೀರಿಗೇ ಬೀಳುತ್ತಾರೆ. ಹಾಗಾಗಿ ಒಂದು ತುದಿಯನ್ನು ತಗ್ಗಿಸಿ ಕಟ್ಟಬೇಕು. ಇನ್ನೊಂದು, ಕಯಾಕ್ ನಾಲ್ಕೈದು ಮೀಟರ್ ಉದ್ದ ಇರುತ್ತದೆ. ಬೈಕು ನುಗ್ಗಬಾರದು ಅಂತ ದಾರಿಯಲ್ಲಿ ಅಂಕುಡೊಂಕು ಗೇಟು ಹಾಕಿಬಿಡುತ್ತಾರಲ್ಲ, ಅದರಲ್ಲಿ ಕಯಾಕ್ ತಿರುಗುವುದೇ ಇಲ್ಲ. ಇಷ್ಟೆಲ್ಲ ದುಡ್ಡು ಸುರಿದು ಕೊನೆಗೆ ಒಂದು ಗೇಟಿನಿಂದ ಜೆಟ್ಟಿ ಕೆಲಸಕ್ಕೆ ಬಾರದ ಹಾಗೆ ಮಾಡುವುದು ಅಂದ್ರೆ ಏನು ಹೇಳೋದು.

ಜಾಗ ಆರಿಸುವಾಗ ತಿರುವು ನೋಡಿ. ತಿರುವಿನ ಒಳಬದಿಯಲ್ಲಿ ಹೂಳು ಕೂರುತ್ತದೆ, ಹೊರಬದಿಯಲ್ಲಿ ಆಳ ಇರುತ್ತದೆ ಆದರೆ ದಡ ಕೊರೆಯುತ್ತದೆ. ನೇರ ಹರಿವಿರುವ ಕಡೆ ಸಿಕ್ಕಿದರೆ ಅದೇ ವಾಸಿ.

ಹಳೇ ಕಾರ್ಖಾನೆಗಳ ಪಕ್ಕದ ಹೊಳೆಯಾದರೆ ತಳದ ಕೆಸರನ್ನು ಪರೀಕ್ಷೆ ಮಾಡಿಸದೆ ಕಂಬ ಬಡಿಯಲೇಬಾರದು. ನ್ಯೂಯಾರ್ಕ್‌ನಲ್ಲಿ ಬ್ರೂಕ್ಲಿನ್ ಮತ್ತು ಕ್ವೀನ್ಸ್ ನಡುವಿನ ನ್ಯೂಟೌನ್ ಕ್ರೀಕ್ ನೋಡಿ. ಅಲ್ಲಿ ನೆಲದೊಳಗೆ ಸೋರಿ ಹೋದ ಎಣ್ಣೆ ಬೆಳಕಿಗೆ ಬಂದದ್ದು 1978ರಲ್ಲಿ. 2010ರಲ್ಲಿ ಅದು ಅಮೆರಿಕದ ಅತಿ ಮಲಿನ ಜಾಗಗಳ ಪಟ್ಟಿಗೆ ಸೇರಿತು. ಆದರೂ ಜನ ಅಲ್ಲಿ ಕಯಾಕ್ ಹುಟ್ಟು ಹಾಕುತ್ತಾರೆ. ನೀರು ಪೂರ್ತಿ ಚೊಕ್ಕಟ ಆಗಲಿ, ಆಮೇಲೆ ಜೆಟ್ಟಿ ಅನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ. ಜನ ಇಳಿಯದ ನೀರನ್ನು ಯಾರು ಕೇಳುತ್ತಾರೆ? ಆದರೆ ಮಳೆ ಬಂದ ಮೇಲೆ ಚರಂಡಿ ನೀರು ಉಕ್ಕಿ ಹೊಳೆಗೆ ಸೇರುವ ಕಡೆ ಅದನ್ನು ಮುಚ್ಚಿಡದೆ ಹೇಳಬೇಕು. ಚಾರ್ಲ್ಸ್ ದಡದ ದೋಣಿಮನೆಗಳಲ್ಲಿ ನೀರು ಚೆನ್ನಾಗಿದ್ದರೆ ನೀಲಿ ಬಾವುಟ, ಕೆಟ್ಟಿದ್ದರೆ ಕೆಂಪು ಬಾವುಟ ಹಾರಿಸುವ ಪದ್ಧತಿ ಇದೆ. ಆಪ್ ಬೇಡ, ವೆಬ್‌ಸೈಟ್ ಬೇಡ, ದೂರದಿಂದಲೇ ಕಾಣುತ್ತದೆ.

ಕೊನೆಗೆ ಬೋರ್ಡು. ಸಾಮಾನ್ಯವಾಗಿ ಅದನ್ನು ರಸ್ತೆಗೆ ಮುಖ ಮಾಡಿ ಹಾಕಿ, ಎರಡೂ ಊರಿನ ಅಧ್ಯಕ್ಷರ ಹೆಸರು ಬರೆಸುತ್ತಾರೆ. ನೀರಿನ ಕಡೆಗೂ ಒಂದು ಬೇಕು. ದೋಣಿ ಮಗುಚಿ ಈಜಿ ಬಂದವರು ತುರ್ತು ನಂಬರ್‌ಗೆ ಫೋನ್ ಮಾಡಿದಾಗ ಮೊದಲು ಕೇಳುವುದೇ ಎಲ್ಲಿದ್ದೀರಿ ಅಂತ. ಹೊಳೆಯ ನಡುವಿನಿಂದ ಬಂದವರಿಗೆ ತಾವು ಯಾವ ಊರಿನ ದಡ ಹತ್ತಿದ್ದೇವೆ ಅನ್ನುವುದು ಗೊತ್ತಿರಲ್ಲ. ಜೆಟ್ಟಿಗೆ ಒಂದು ನಂಬರ್ ಕೊಟ್ಟು, ಊರಿನ ಹೆಸರಿನ ಜೊತೆ ದಪ್ಪ ಅಕ್ಷರದಲ್ಲಿ ಬರೆದು, ಪಕ್ಕದಲ್ಲೊಂದು ಏಣಿ ಮತ್ತು ಜೀವರಕ್ಷಕ ಬಳೆ ನೇತುಹಾಕಿ. ಎರಡೂ ಊರಿನ ಅಗ್ನಿಶಾಮಕದವರ ಹತ್ತಿರ ಅದೇ ನಂಬರ್ ಇರಬೇಕು, ಗೇಟಿಗೆ ಬೀಗ ಹಾಕುವುದಾದರೆ ಅದರ ಕೀಲಿಯೂ ಇಬ್ಬರ ಹತ್ತಿರ ಇರಬೇಕು. ಅಧ್ಯಕ್ಷರ ಹೆಸರು ಬೇಕಿದ್ದರೆ ಅದರ ಕೆಳಗೆ ಸಣ್ಣಕ್ಷರದಲ್ಲಿ ಹಾಕಿಕೊಳ್ಳಿ.