ಸ್ಯಾಂಪಲ್ ಕಾರ್ಡುಗಳು: ಕೆಲಸ ಎಲ್ಲಿಗೆ ಬಂತು

ಮೆಡಿಕಲ್ ಅಸಿಸ್ಟಿಂಗ್ ಓದುವವರಿಗಾಗಿ ಮೈಕ್ರೋಬಯಾಲಜಿ ಕಾರ್ಡುಗಳನ್ನು ಬಿಡಿಸುತ್ತಿದ್ದೇನಲ್ಲ, ಆ ಕೆಲಸ ಈಗ ಅರ್ಧ ದಾಟಿದೆ. ಮೂತ್ರ, ಗಂಟಲು, ಕಫ, ರಕ್ತ ಇಷ್ಟು ಮುಗಿದಿವೆ. ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ಎರಡು ಗುಂಪು ಮಾಡುವ ಗ್ರಾಮ್ ಸ್ಟೇನ್ ಕಾರ್ಡಿಗೆ ಬಣ್ಣ ಹಚ್ಚುತ್ತಿದ್ದೇನೆ. ಆಂಟಿಬಯೋಟಿಕ್ ಡಿಸ್ಕ್ ಕಾರ್ಡು ಇನ್ನೂ ಪೆನ್ಸಿಲ್ ಗೆರೆಯಲ್ಲೇ ಇದೆ.

ಶುರುವಿನಲ್ಲಿ ಬ್ಯಾಕ್ಟೀರಿಯಾ, ವೈರಸ್, ಫಂಗಸ್, ಪರಾವಲಂಬಿ ಅಂತ ಪಠ್ಯದ ಸಾಲಿನಲ್ಲೇ ಹೋಗುವ ಯೋಚನೆ ಇತ್ತು. ಈಗ ಎಲ್ಲವನ್ನೂ ಸ್ಯಾಂಪಲ್ ಪ್ರಕಾರ ಜೋಡಿಸಿದ್ದೇನೆ. ಅಸಿಸ್ಟೆಂಟ್ ಕೈಗೆ ಬರುವುದು ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಅಲ್ಲ, ಒಂದು ಡಬ್ಬಿ ಮೂತ್ರ. ಅದು ಲ್ಯಾಬ್ ಸೇರುವಷ್ಟರಲ್ಲಿ ರಿಪೋರ್ಟಿನ ಅರ್ಧ ಹಣೆಬರಹ ಬರೆದಾಗಿರುತ್ತದೆ. ಆಮೇಲೆ ಎಂಥ ಮೈಕ್ರೋಸ್ಕೋಪ್ ಇಟ್ಟರೂ ಕೆಟ್ಟ ಸ್ಯಾಂಪಲ್ ಸರಿಹೋಗುವುದಿಲ್ಲ.

ಮೂತ್ರದ ಕಾರ್ಡಿಗೇ ಜಾಸ್ತಿ ಹೊತ್ತು ಹೋಯಿತು. ಮೊದಲ ಧಾರೆ ಬಿಡಬೇಕು, ನಡುವಿನದನ್ನು ಹಿಡಿಯಬೇಕು. ಇದು ಎಲ್ಲರಿಗೂ ಬಾಯಿಪಾಠ ಇರುತ್ತದೆ. ಯಾಕೆ ಅಂತ ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ಮೂತ್ರ ಹೊರಬರುವ ಜಾಗದಲ್ಲಿ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತವೆ. ಮೊದಲ ಧಾರೆ ಅವನ್ನು ತೊಳೆದುಕೊಂಡು ಹೋಗುತ್ತದೆ, ಅಷ್ಟೇ. ಹಿಡಿದ ಮೂತ್ರ 2 ಗಂಟೆಯೊಳಗೆ ಲ್ಯಾಬಿಗೆ ಹೋಗಬೇಕು. ಆಗದಿದ್ದರೆ ಫ್ರಿಜ್. ಅಲ್ಲೂ 24 ಗಂಟೆ ಮೀರಬಾರದು.

ಈ 2 ಗಂಟೆಯನ್ನು ತೋರಿಸಲು ಕಾರ್ಡಿನ ಅಂಚಿನಲ್ಲಿ ಚುಕ್ಕಿಗಳ ಪಟ್ಟಿ ಹಾಕಿದೆ. ಬೆಚ್ಚಗೆ, ಹೊಟ್ಟೆತುಂಬ ಆಹಾರ ಸಿಕ್ಕರೆ ಇ. ಕೋಲೈ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಆ ವೇಗದಲ್ಲಿ 1 ಗಂಟೆಗೆ 8, 2 ಗಂಟೆಗೆ 64, 4 ಗಂಟೆಗೆ 4,096. ಮೇಜಿನ ಮೇಲಿಟ್ಟ ಡಬ್ಬಿಯಲ್ಲಿ ಇಷ್ಟು ಓಟ ಇರುವುದಿಲ್ಲ. ಆದರೂ ಪಟ್ಟಿ ನೋಡಿದವರು ಡಬ್ಬಿಯನ್ನು ಸುಮ್ನೆ ಬಿಟ್ಟು ಊಟಕ್ಕೆ ಹೋಗಲಿಕ್ಕಿಲ್ಲ.

ಅದರ ಕೆಳಗೆ ಲ್ಯಾಬಿನ ಲೆಕ್ಕ. 1 ಮೈಕ್ರೋಲೀಟರ್ ಹಿಡಿಯುವ ಲೂಪಿನಿಂದ (ತುದಿಯಲ್ಲಿ ಉಂಗುರವಿರುವ ಕಡ್ಡಿ) ಮೂತ್ರವನ್ನು ಪ್ಲೇಟಿನ ಮೇಲೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ ತಟ್ಟೆಯ ಮೇಲೆ ಎಳೆಯುತ್ತಾರೆ. ಮಾರನೆಯ ದಿನ 100 ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಚುಕ್ಕಿ) ಬಂದರೆ ಅದನ್ನು 1,000ದಿಂದ ಗುಣಿಸಬೇಕು. ಅಂದರೆ ಒಂದು ಮಿಲಿಲೀಟರಿಗೆ 1,00,000. ಸೋಂಕು ಅನ್ನಲು ಹಿಂದಿನಿಂದ ಬಳಸುತ್ತಿರುವ ಗೆರೆ ಇದೇ. ರೋಗಲಕ್ಷಣ ಜೋರಾಗಿದ್ದರೆ ಇದಕ್ಕಿಂತ ಕಡಿಮೆ ಬಂದರೂ ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ತಡವಾಗಿ ಹೋದ ಡಬ್ಬಿ ಸೋಂಕೇ ಇಲ್ಲದಿದ್ದರೂ ಈ ಗೆರೆ ದಾಟಿಬಿಡಬಹುದು. ಪಟ್ಟಿ ಮತ್ತು ಲೆಕ್ಕ ಒಂದೇ ಕಾರ್ಡಿನಲ್ಲಿ ಇರಬೇಕು ಅಂತ ಹಟ ಹಿಡಿದದ್ದು ಇದಕ್ಕೇ.

ಗಂಟಲಿನ ಕಾರ್ಡು ಬಿಡಿಸುವುದೇ ಒಂದು ಮಜಾ. ಎರಡೂ ಟಾನ್ಸಿಲ್, ಹಿಂದಿನ ಗೋಡೆ, ಇಷ್ಟೇ ಸ್ವಾಬ್ (ಸ್ಯಾಂಪಲ್ ಒರೆಸಿ ತೆಗೆಯುವ ಕಡ್ಡಿ) ತಾಗಬೇಕಾದ ಜಾಗ. ನಾಲಿಗೆ, ಕೆನ್ನೆಯ ಒಳಬದಿ, ಹಲ್ಲು ಇವನ್ನೆಲ್ಲ ಬೂದು ಬಣ್ಣದಲ್ಲಿ ಅಳಿಸಿದ ಹಾಗೆ ತೋರಿಸಿದ್ದೇನೆ. ಪಕ್ಕದಲ್ಲಿ ಬ್ಲಡ್ ಅಗಾರ್ ಪ್ಲೇಟು, ಅಂದರೆ ರಕ್ತ ಬೆರೆಸಿದ ಜೆಲ್ಲಿ ತಟ್ಟೆ. ಇಡೀ ವೃತ್ತಕ್ಕೆ ಕೆಂಪು ಪೆನ್ಸಿಲ್ ಒತ್ತಿ ಹಚ್ಚಿ, ಪ್ರತಿ ಕಾಲೊನಿಯ ಸುತ್ತ ರಬ್ಬರಿನ ಮೂಲೆಯಿಂದ ಉಜ್ಜಿದೆ. ಗಂಟಲಿನ ಸೋಂಕು ತರುವ ಸ್ಟ್ರೆಪ್ಟೊಕಾಕಸ್ ಪಯೋಜೀನ್ಸ್ ರಕ್ತಕಣಗಳನ್ನು ಒಡೆದು ಮಾಡುವ ತಿಳಿ ಬಳೆ ಹಾಗೇ ಮೂಡಿತು.

ಕಫ ಮತ್ತು ರಕ್ತದ ಬಗ್ಗೆ ಹೇಳುವಂಥದ್ದು ಕಡಿಮೆ. ಉಗುಳು ಬೇರೆ, ಆಳದಿಂದ ಕೆಮ್ಮಿ ತೆಗೆದ ಕಫ ಬೇರೆ. ರಕ್ತದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಸ್ಯಾಂಪಲ್ ಸಾಧ್ಯವಾದಷ್ಟೂ ಆಂಟಿಬಯೋಟಿಕ್ ಕೊಡುವ ಮೊದಲೇ ತೆಗೆಯಬೇಕು, ಚರ್ಮಕ್ಕೆ ಹಚ್ಚಿದ ಔಷಧಿ ಒಣಗುವವರೆಗೆ ಕಾಯಬೇಕು. ಎಲ್ಲ ಕಾರ್ಡಿನ ತಳದಲ್ಲೂ ಒಂದೇ ಸಾಲು ಇದೆ: ಲೇಬಲ್ ಡಬ್ಬಿಗೆ ಅಂಟಿಸಿ, ಮುಚ್ಚಳಕ್ಕಲ್ಲ.

ಒಂದು ಕಾರ್ಡಿಗೆ ಮಾತ್ರ ಕೆಂಪು ಅಂಚು ಬರಲಿದೆ. ಬೆನ್ನುಹುರಿಯ ಸುತ್ತ ಇರುವ ಜಾಗದಿಂದ ತೆಗೆದ ದ್ರವವನ್ನು ಬ್ಯಾಕ್ಟೀರಿಯಾ ಕಲ್ಚರಿಗೆ ಕಳಿಸುವಾಗ ಫ್ರಿಜ್‌ನಲ್ಲಿ ಇಡಬಾರದು. ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ) ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾ ಚಳಿ ತಡೆಯುವುದಿಲ್ಲ, ಸತ್ತರೆ ಪ್ಲೇಟಿನಲ್ಲಿ ಏನೂ ಬೆಳೆಯುವುದಿಲ್ಲ. ಮೂತ್ರದ ಕಾರ್ಡು ಓದಿ ಎಲ್ಲವನ್ನೂ ಫ್ರಿಜ್‌ಗೆ ತುಂಬುವವರು ಇರುತ್ತಾರೆ, ಅಲ್ವಾ?

ಗ್ರಾಮ್ ಸ್ಟೇನ್‌ಗೆ ನಾಲ್ಕು ಚೌಕ. ಕ್ರಿಸ್ಟಲ್ ವಯಲೆಟ್ ಸುಮಾರು 1 ನಿಮಿಷ, ಅಯೋಡಿನ್ 1 ನಿಮಿಷ, ಆಲ್ಕೊಹಾಲ್ ಕೆಲವೇ ಸೆಕೆಂಡು, ಕೊನೆಗೆ ಸ್ಯಾಫ್ರನಿನ್. ಮೂರನೆಯ ಚೌಕವನ್ನು ಬೇಕೆಂದೇ ದೊಡ್ಡದು ಮಾಡಿದ್ದೇನೆ. ದಪ್ಪ ಗೋಡೆಯ ಬ್ಯಾಕ್ಟೀರಿಯಾ ನೇರಳೆ ಬಣ್ಣವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ತೆಳು ಗೋಡೆಯವು ಬಿಟ್ಟುಕೊಟ್ಟು ಸ್ಯಾಫ್ರನಿನ್‌ನ ಗುಲಾಬಿ ಬಣ್ಣ ಹಿಡಿಯುತ್ತವೆ. ಆಲ್ಕೊಹಾಲ್ ಜಾಸ್ತಿ ಹೊತ್ತು ಸುರಿದರೆ ದಪ್ಪ ಗೋಡೆಯವೂ ಸೋಲುತ್ತವೆ, ಗುಲಾಬಿಯಾಗಿ ಕಾಣುತ್ತವೆ. ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಇದನ್ನು 1884ರಲ್ಲಿ ಪ್ರಕಟಿಸಿದಾಗ ಗುಲಾಬಿಯ ಈ ಹಂತ ಇರಲಿಲ್ಲ, ಆಮೇಲೆ ಬೇರೆಯವರು ಸೇರಿಸಿದ್ದು.

ಕಾರ್ಡಿನ ಕರಡು ನೋಡಿದ ಒಬ್ಬ ವಿದ್ಯಾರ್ಥಿನಿ, "ನೇರಳೆ ಅಂದ್ರೆ ಒಳ್ಳೇದು, ಗುಲಾಬಿ ಅಂದ್ರೆ ಕೆಟ್ಟದ್ದಾ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಕೀವು ತರುವ ಸ್ಟ್ಯಾಫಿಲೊಕಾಕಸ್ ಆರಿಯಸ್ ನೇರಳೆ, ಮೊಸರಿನ ಲ್ಯಾಕ್ಟೊಬ್ಯಾಸಿಲಸ್ ಕೂಡ ನೇರಳೆ. ಎರಡನ್ನೂ ಅಕ್ಕಪಕ್ಕ ಬಿಡಿಸಿಬಿಟ್ಟೆ.

ಡಿಸ್ಕ್ ಕಾರ್ಡು ನಿಂತಿರುವುದೂ ಇಂಥದ್ದೇ ಕಡೆ. ಆಂಟಿಬಯೋಟಿಕ್ ಹೀರಿಸಿದ ಸಣ್ಣ ಕಾಗದದ ಬಿಲ್ಲೆಯೇ ಡಿಸ್ಕ್. ಪ್ಲೇಟಿನ ಮೇಲೆ ಅದನ್ನಿಟ್ಟು, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ದೊಡ್ಡ ವೃತ್ತ ಕಂಡರೆ ಅದೇ ಜೋರು ಔಷಧಿ ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಗಲ್ಲ. ಪ್ರತಿ ಔಷಧಿಗೂ ಅದರದೇ ಅಳತೆ ಪಟ್ಟಿ ಇದೆ. ಒಂದರ ದೊಡ್ಡ ವೃತ್ತ ಪಟ್ಟಿಯಲ್ಲಿ 'ನಾಟುವುದಿಲ್ಲ' ಕಡೆಗೆ ಬೀಳಬಹುದು, ಇನ್ನೊಂದರ ಸಣ್ಣದು 'ನಾಟುತ್ತದೆ' ಕಡೆಗೆ. ಅಂಥ ಒಂದು ಜೋಡಿಯನ್ನು ಪಕ್ಕಪಕ್ಕ ಇಟ್ಟು, ಅಡಿಯಲ್ಲಿ ಎರಡು ಬೇರೆ ಬೇರೆ ಸ್ಕೇಲ್ ಎಳೆಯುವ ಯೋಚನೆ ಇದೆ. ಕಾರ್ಡಿನ ಅಗಲ ಸಾಲದಿದ್ದರೆ ಇದೊಂದನ್ನು ಮಡಿಚುವ ಕಾರ್ಡು ಮಾಡುತ್ತೇನೆ.