ನಲವತ್ತು ಲೀಟರಿನ ಕಡಲು

ಬೆಂಗಳೂರಿನ ನಮ್ಮ ಮನೆಯಲ್ಲಿ 40 ಲೀಟರಿನ ಗಾಜಿನ ತೊಟ್ಟಿಯೊಂದರಲ್ಲಿ ಹವಳದ ಅಕ್ವೇರಿಯಂ ಆರಂಭಿಸುವಾಗ, ಖರ್ಚನ್ನು ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದನ್ನೇ ಮೊದಲು ಯೋಚಿಸಿದೆ. ಇಷ್ಟು ಚಿಕ್ಕ ತೊಟ್ಟಿಗೆ, ನೀರಿನ ಕೊಳೆಯನ್ನು ನೊರೆಯೊಂದಿಗೆ ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಬೇಕಿಲ್ಲ. ವಾರಕ್ಕೊಮ್ಮೆ 4 ಲೀಟರ್ ನೀರು ಬದಲಿಸಿದರೆ ಸಾಕು, ಅದಕ್ಕೆ ಸುಮಾರು 140 ಗ್ರಾಂ ಸಮುದ್ರಲವಣದ ಮಿಶ್ರಣ ತಗಲುತ್ತದೆ. ಆದರೆ ಕೊಳವೆಬಾವಿಯ ಗಡಸು ನೀರಿನ ಬದಲು ಆರ್‌ಓ ನೀರನ್ನೇ ಬಳಸಬೇಕು, ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರನ್ನೂ ಕೊಳ್ಳಲೇಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಉಪ್ಪಿಲ್ಲದ ನೀರಿನಿಂದಲೇ ತುಂಬಬೇಕು. ಇದನ್ನು ತಿಳಿಯದೆ ಉಪ್ಪುನೀರನ್ನೇ ಸುರಿದು ಒಂದು ಬಸವನಹುಳುವನ್ನು ಕಳೆದುಕೊಂಡ ನೋವು ನನಗೆ ಇನ್ನೂ ಇದೆ.

ಎಲ್ಲಕ್ಕಿಂತ ಕಷ್ಟವಾದದ್ದು ಜೀವಿಗಳನ್ನು ತೊಟ್ಟಿಗೆ ಬಿಡುವ ಮೊದಲು ಕಾಯುವುದು. ಕಲ್ಲು, ಮರಳುಗಳಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿ, ತ್ಯಾಜ್ಯದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವಷ್ಟು ಹೆಚ್ಚಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ನಮ್ಮ ನೇತ್ರಾಣಿ ದ್ವೀಪದ ಸುತ್ತಲಿನವೂ ಸೇರಿದಂತೆ ಕಲ್ಲುಹವಳಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವುದರಿಂದ, ಕಡಲಿನಿಂದ ಕಿತ್ತು ತಂದದ್ದನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ನಾನು ಕೊಳ್ಳುವುದಿಲ್ಲ. ಹವ್ಯಾಸಿ ಗೆಳೆಯರೊಬ್ಬರು ತಮ್ಮ ತೊಟ್ಟಿಯಲ್ಲೇ ಬೆಳೆಸಿ ಕೊಟ್ಟ, ಕಲ್ಲಿನಂಥ ಗಟ್ಟಿ ಗೂಡು ಕಟ್ಟದ ಮೆತುಹವಳದ ತುಣುಕೊಂದು ಈಗ ಬೆಳಕು ಬಿದ್ದೊಡನೆ ಅರಳುತ್ತದೆ.