ವ್ಯಾಗನ್ನಿನ ಕೈಹಿಡಿ ಉದುರಬಾರ್ದು ಅಂದ್ರೆ

ಮಾಡೆಲ್ ರೈಲಿನ ಹುಚ್ಚಿರೋರ ಮನೇಲಿ ಒಂದು ಡಬ್ಬಿ ಇದ್ದೇ ಇರುತ್ತೆ, ಉದುರಿದ ಕೈಹಿಡಿ (ವ್ಯಾಗನ್ ಹತ್ತೋಕೆ ಹಿಡ್ಕೊಳ್ಳೋ ಸಣ್ಣ ಕಂಬಿ), ಬ್ರೇಕ್ ವೀಲು, ಏರ್ ಹೋಸು ಎಲ್ಲಾ ಅದ್ರಲ್ಲಿ. ಯಾವ ಗಮ್ ಒಳ್ಳೇದು ಅಂತ ಎಲ್ರೂ ಕೇಳ್ತಾರೆ. ನನ್ ಪ್ರಕಾರ ಗಮ್ ಆಮೇಲೆ, ಮೊದ್ಲು ತೂತು.

ಎಚ್‌ಒ ಸ್ಕೇಲಲ್ಲಿ ಎಲ್ಲಾ ಅಸಲಿನ 87ನೇ ಒಂದು ಭಾಗ. ನಮ್ಮ ಸಕಲೇಶಪುರ ಘಾಟಿಲಿ ಓಡಾಡೋ ಬಾಕ್ಸ್‌ಎನ್ ಅನ್ನೋ ಗೂಡ್ಸ್ ವ್ಯಾಗನ್ನು 10.7 ಮೀಟರ್, ಟೇಬಲ್ ಮೇಲೆ ಅದು 12 ಸೆಂಟಿಮೀಟರ್ ಚಿಲ್ರೆ. ಕೈಹಿಡಿಗೆ ಹಾಕೋದು 0.3 ಮಿ.ಮೀ. ತಂತಿ, ಲೆಕ್ಕ ಹಾಕಿದ್ರೆ ಅದೂ ದಪ್ಪಾನೇ. ಅಂಥ ತುದೀನ ಗೋಡೆಗೆ ಬರೀ ತಾಗಿಸಿ ಅಂಟಿಸಿದ್ರೆ ಅಂಟು ಹಿಡಿಯೋಕೆ ಜಾಗ ಎಲ್ಲಿದೆ? ಸೂಪರ್ ಗ್ಲೂ ಒಣಗಿದ್ಮೇಲೆ ಗಾಜಿನ ಥರ, ನೇರ ಎಳೆದ್ರೆ ತಡ್ಕೊಳುತ್ತೆ, ಪಕ್ಕದಿಂದ ಬೆರಳು ತಗುಲಿದ್ರೆ ಚಟ್ ಅಂತ ಬಿಡುತ್ತೆ.

ಅದಕ್ಕೆ ತಂತಿ ತುದಿ ತೂತಿನೊಳಗೆ ಹೋಗಿ ಕೂರ್ಬೇಕು. ತೂತು ಬೇಕಾದ ಕಡೆ ಸೂಜಿ ಮೊನೇಲಿ ಒಂದು ಚುಕ್ಕಿ ಒತ್ತಿ, ಇಲ್ಲಾಂದ್ರೆ ಬಿಟ್ ಜಾರುತ್ತೆ, ಆಮೇಲೆ ಪಿನ್ ವೈಸಿಗೆ (ಕೈಲೇ ತಿರುಗಿಸೋ ಪುಟ್ಟ ಡ್ರಿಲ್ಲು) ತಂತಿಗಿಂತ ಒಂಚೂರೇ ದಪ್ಪ ಇರೋ 80 ನಂಬರ್ ಬಿಟ್ ಹಾಕಿ ಬೆರಳಲ್ಲೇ ನಿಧಾನಕ್ಕೆ ತಿರುಗಿಸ್ತಾ ಹೋಗಿ, ಸುರುಳಿ ಸುರುಳಿ ಪುಡಿ ಬರ್ತಾ ಇರುತ್ತೆ, ಒತ್ತಿದ್ರೆ ಬಿಟ್ ಮುರೀತು ಅಂತಾನೇ ಲೆಕ್ಕ. ಮೇಲೆ ಮುಚ್ಚಿರೋ ಬಿಸಿಎನ್ ವ್ಯಾಗನ್ ಆದ್ರೆ ತಂತಿ ತುದೀನ ಒಳಗಡೆ ಬಗ್ಗಿಸಿ ಒಂದು ತೊಟ್ಟು ಅರಾಲ್ಡೈಟ್ ಇಟ್ಬಿಡಿ, ಯಾರಿಗೂ ಕಾಣಲ್ಲ. ಬಾಕ್ಸ್‌ಎನ್ ಮೇಲೆ ತೆರೆದಿರುತ್ತಲ್ಲ, ಅಲ್ಲಿ ಒಳಗೆ ಸಮಕ್ಕೆ ಕತ್ತರಿಸಿ ಗಮ್ ಒಳಗಿಂದ್ಲೇ ತಾಗಿಸ್ಬೇಕು.

ಪಾಲಿಸ್ಟೈರಿನ್‌ಗೆ (ಮಾಡೆಲ್ ಮಾಡೋ ಗಟ್ಟಿ ಪ್ಲಾಸ್ಟಿಕ್ಕು) ಪಾಲಿಸ್ಟೈರಿನ್ ಆದ್ರೆ ಪ್ಲಾಸ್ಟಿಕ್ ಸಿಮೆಂಟ್ ಅನ್ನೋ ಗಮ್ಮೇ ಸಾಕು, ಎರಡೂ ಕರಗಿ ಒಂದಾಗುತ್ತೆ, ಆದ್ರೆ ಪೇಂಟ್ ಕೆರೆದಿರ್ಬೇಕು. ಲೋಹದ ಬ್ರೇಕ್ ವೀಲಿಗೆ ಅರಾಲ್ಡೈಟು, ಒಂದು ರಾತ್ರಿ ಮುಟ್ಬೇಡಿ. ಕೆಲವು ಪಾರ್ಟು ಡೆಲ್ರಿನ್ ಅನ್ನೋ ಇನ್ನೊಂದು ಥರ ಪ್ಲಾಸ್ಟಿಕ್ಕಿಂದು, ಮುಟ್ಟಿದ್ರೆ ಜಿಡ್ಡು ಜಿಡ್ಡು, ಅದಕ್ಕೆ ಯಾವ ಅಂಟೂ ಸರಿಯಾಗಿ ಹಿಡಿಯಲ್ಲ, ಬಿಗಿ ತೂತಿಗೆ ಕೂರಿಸೋದೊಂದೇ ದಾರಿ.

ಇನ್ನು ನಮ್ಮ ಮಳೆಗಾಲ. ಸೂಪರ್ ಗ್ಲೂ ಗಟ್ಟಿಯಾಗೋದೇ ಗಾಳೀಲಿರೋ ತೇವದಿಂದ, ಹಂಗಾಗಿ ಹಾಸನದ ಜುಲೈ ಜಡಿಮಳೇಲಿ ಬೇಗ ಕಚ್ಕೊಳುತ್ತೆ, ಸುತ್ತ ಬಿಳಿ ಮಬ್ಬೂ ಕೂರುತ್ತೆ, ಮಾಡೆಲ್ಲಿನ ಕಿಟಕಿ ಗಾಜಿನ ಹತ್ರ ಅಂತೂ ಬೇಡ್ವೇ ಬೇಡ. ಪಿನ್ನಿನ ತುದೀಲಿ ಹಚ್ಚಿ, ಟ್ಯೂಬಿಂದ ಸುರೀಬೇಡಿ. ಬಾಟ್ಲು ಸಿಲಿಕಾ ಜೆಲ್ ಜೊತೆ ಗಾಳಿ ಹೋಗದ ಡಬ್ಬೀಲಿ ಹಾಕಿ ಫ್ರಿಜ್ಜಲ್ಲಿಡಿ, "ಮೊಸರಿನ ಪಕ್ಕ ಇದೆಂಥದ್ದೋ" ಅಂತ ಅಮ್ಮ ಬೈದ್ರೂ ಪರ್ವಾಗಿಲ್ಲ, ಹೊರಗೆ ತೆಗೆದ್ಮೇಲೆ ತಣ್ಪು ಹೋಗೋವರ್ಗೂ ಮುಚ್ಚಳ ಬಿಚ್ಬೇಡಿ. ಮತ್ತೆ, ಹೆಚ್ಚಾದ ಗಮ್ ತೆಗೆಯೋಕೆ ನೈಲ್ ಪಾಲಿಶ್ ರಿಮೂವರ್ ತರಬೇಡಿ, ಅದ್ರಲ್ಲಿ ಅಸಿಟೋನ್ ಇದ್ರೆ ವ್ಯಾಗನ್ನೇ ಕರಗುತ್ತೆ.